ಸಣ್ಣ ಹುಡುಗ್ರಿಗೆ ಮೌಸ್ ಹಿಡಿಯಾಕ ಕಲಿಸೋದು ಹೆಂಗ: ಮೊದಲು ಓಡಾಡಿಸೋ ಆಟ, ಆಮ್ಯಾಲ ಒತ್ತೋ ಆಟ

ಫೋನ್ ಮ್ಯಾಲ ಬೆರಳಾಡಿಸಿ ರೂಢಿ ಆದ ಕೂಸಿನ್ನ ಕಂಪ್ಯೂಟರ್ ಮುಂದ ಕುಂದ್ರಿಸಿದ್ರ ಅದು ಮಾಡೋ ಮೊದಲನೇ ಕೆಲಸ ಅಂದ್ರ ಸೀದಾ ಮಾನಿಟರ್‌ಗೆ ಬೆರಳು ಹಚ್ಚೋದು. ಅಲ್ಲೇನೂ ಆಗಲ್ಲ, ಹೊಳ್ಳಿ ನಮ್ಮ ಮಾರಿ ನೋಡ್ತೈತಿ. ನಾವು "ಅದಲ್ಲೋ ತಮ್ಮಾ, ಇದನ್ನ ಹಿಡಿ" ಅಂತ ಮೌಸ್ ಕೊಟ್ಟು, ಅದರ ಕೈ ಮ್ಯಾಲ ನಮ್ಮ ಕೈ ಇಟ್ಟು, "ಕ್ಲಿಕ್ ಮಾಡು, ಇಲ್ಲಿ ಕ್ಲಿಕ್ ಮಾಡು" ಅಂತ ಶುರು ಹಚ್ಕೊಂತೀವಿ. ಕೂಸಿಗೆ ಬ್ಯಾಸರ ಬರೋದು ಇಲ್ಲೇ ನೋಡ್ರಿ. ಕ್ಲಿಕ್ ಅನ್ನೋದು ಎರಡನೇ ಪಾಠ. ಮೇಜಿನ ಮ್ಯಾಲ ಕೈ ಆಡಿಸಿದ್ರ ಸ್ಕ್ರೀನ್ ಒಳಗ ಬಾಣ ಓಡ್ತೈತಿ ಅನ್ನೋದು ತಲಿಗೆ ಹೋಗೋದು ಮೊದಲನೇ ಪಾಠ. ಫೋನ್‌ದಾಗ ಕಣ್ಣು ಎಲ್ಲಿರ್ತೈತೋ ಬೆರಳೂ ಅಲ್ಲೇ, ಮೌಸ್‌ನ್ಯಾಗ ಕಣ್ಣು ಒಂದ್ ಕಡೆ ಕೈ ಇನ್ನೊಂದ್ ಕಡೆ, ನಮಗ ಇದು ಎಂದೋ ಮೈಗೂಡಿ ಹೋಗೈತಿ ಅಂತ ಕೂಸಿಗೆ ಎಷ್ಟು ಕಷ್ಟ ಅನ್ನೋದು ಕಾಣಂಗಿಲ್ಲ ಅಷ್ಟ.

ನಮ್ಮದು ಗಂಗಾವತ್ಯಾಗ ಸಣ್ಣ ಡಿಟಿಪಿ ಅಂಗಡಿ, ಹಿಂದಿನ ರೂಮಿನ್ಯಾಗ ಒಂದು ಹಳೇ ಡೆಸ್ಕ್‌ಟಾಪ್ ಐತಿ, ಓಣಿ ಹುಡುಗ್ರು ನಮ್ಮ ತಂಗಿ ಮಗಳು ಎಲ್ಲಾರೂ ಅದರ ಮ್ಯಾಲೇ ಕಲ್ತದ್ದು. ಟಚ್ ಇರೋ ಕಾಲದಾಗ ಮೌಸ್ ಯಾಕ ಅಂತ ಕೇಳೋರು ಅದಾರ. ಸಾಲಿ ಕಂಪ್ಯೂಟರ್ ಲ್ಯಾಬಿನ್ಯಾಗ ಇನ್ನೂ ಇರೋದು ಡೆಸ್ಕ್‌ಟಾಪೇ ರೀ, ಅಲ್ಲಿ ಹೋಗಿ ಇಪ್ಪತ್ತು ಹುಡುಗ್ರ ನಡುವ ಒಂದೇ ಮೌಸ್‌ಗೆ ಜಗಳ ಆಡ್ಕೋತ ಕಲಿಯೋದಕ್ಕಿಂತ ಮನ್ಯಾಗ ಆರಾಮ ಆಟ ಆಡ್ಕೋತ ಕಲಿಯೋದು ಚಲೋ.

ವಯಸ್ಸಿನ ಮಾತು ಒಂದು ಹೇಳಿಬಿಡ್ತೀನಿ. ಮೂರು ತುಂಬೋತನಕ ಬ್ಯಾಡ. ವಿಶ್ವ ಆರೋಗ್ಯ ಸಂಸ್ಥೆ 2019ರಾಗ ಹೇಳಿದ್ದು ಏನಂದ್ರ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಕುಂತು ಸ್ಕ್ರೀನ್ ನೋಡೋದು ದಿನಕ್ಕ ಒಂದು ತಾಸು ದಾಟಬಾರದು, ಕಡಿಮಿ ಆದಷ್ಟೂ ಒಳ್ಳೇದು. ನಮ್ಮ ದೇಶದ ಮಕ್ಕಳ ಡಾಕ್ಟರುಗಳ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಎರಡರಿಂದ ಐದರವರಿಗೆ ಇದೇ ಒಂದು ತಾಸಿನ ಮಿತಿ ಹೇಳ್ಯಾರ. ಈ ಒಂದು ತಾಸಿನೊಳಗ ಟಿವಿ ಫೋನ್ ಎಲ್ಲಾ ಬಂತು, ಹಂಗಾಗಿ ಮೌಸ್ ಆಟಕ್ಕ ಕೊಡೋ ಹೊತ್ತು ಫೋನಿನ ಹೊತ್ತಿನಾಗ ಮುರ್ಕೋಬೇಕು, ಮ್ಯಾಲಿಂದ ಮ್ಯಾಲ ಸೇರಿಸಬಾರದು. ಒಂದು ಸಲಕ್ಕ ಹತ್ತು ನಿಮಿಷ ಸಾಕು, ಹದಿನೈದು ಅಂದ್ರ ಬಾಳಾತು.

ಮೌಸ್ ಯಾವುದು ತಗೋಬೇಕು

ವೈರ್ ಇರೋದೇ ತಗೋರಿ. ವೈರ್‌ಲೆಸ್ ಮೌಸ್ ಒಳಗ ಸೆಲ್ ಇರ್ತೈತಿ, ಅದರ ಯುಎಸ್‌ಬಿ ರಿಸೀವರ್ ಅಂತೂ ಉಗುರಿನಷ್ಟು ಸಣ್ಣದು, ಮೂರು ವರ್ಷದ ಕೂಸಿನ ಬಾಯಿಗೆ ಹೋಗಾಕ ಎಷ್ಟೊತ್ತು. ಬಟನ್ ಸೆಲ್ ಹಾಕೋ ಮೌಸ್ ಆದ್ರ ಮನ್ಯಾಗ ಇಡಲೇ ಬ್ಯಾಡ್ರಿ, ನುಂಗಿದ್ರ ಒಳಗ ಸುಟ್ಟ ಗಾಯ ಮಾಡ್ತೈತಿ, ಅದು ಆಸ್ಪತ್ರಿಗೆ ಓಡೋ ಕೆಲಸ. ಇನ್ನ ಸೈಜು, ಲ್ಯಾಪ್‌ಟಾಪ್ ಬ್ಯಾಗಿನ್ಯಾಗ ಹಾಕ್ಕೊಂಡು ಹೋಗೋ ಸಣ್ಣ ಮೌಸ್ ಸಿಗ್ತಾವಲ್ಲ, ಅಂಥದ್ದು ಚಲೋ. ದೊಡ್ಡೋರ ಮೌಸ್ ಆದ್ರ ಕೂಸಿನ ಬೆರಳು ಬಟನ್‌ಗೆ ಮುಟ್ಟೋದೇ ಇಲ್ಲ, ಅಂಗೈಯಿಂದ ಒತ್ತಾಕ ಹೋಗ್ತೈತಿ, ಒತ್ತುವಾಗ ಇಡೀ ಮೌಸೇ ಸರೀತೈತಿ. ಕಾರಿನಂಗ ಹುಲಿಯಂಗ ಕಾಣೋ ಮಕ್ಕಳ ಮೌಸ್ ಅಂತ ಮಾರ್ತಾರ, ಅದಕ್ಕ ರೊಕ್ಕ ಹಾಕೋ ಜರೂರಿ ಇಲ್ಲ, ಅದರ ಮ್ಯಾಲ ಕೈ ಸರಿಯಾಗಿ ಕೂರಂಗಿಲ್ಲ.

ಎಡಗಡೆ ಬಟನ್ ಮ್ಯಾಲ ಒಂದು ಕೆಂಪು ಟಿಕಳಿ ಹಚ್ಚಿಬಿಡ್ರಿ, ಅವ್ವನ ಹಣಿಗೆ ಹಚ್ಕೊಳ್ಳೋ ಟಿಕಳೀನೇ. ಎಡ ಬಲ ಅಂತ ಹೇಳಿದ್ರ ಆ ವಯಸ್ಸಿನ್ಯಾಗ ತಿಳಿಯಂಗಿಲ್ಲ, "ಟಿಕಳಿ ಮ್ಯಾಲ ಬೆರಳಿಡು" ಅಂದ್ರ ತಟ್ಟನ ಇಡ್ತಾವ. ಬೆವರಿಗೆ ಉದುರ್ತೈತಿ, ಇನ್ನೊಂದು ಹಚ್ಚೋದು.

ಎಲ್ಲಿಟ್ಟು ಆಡಿಸ್ಬೇಕು

ನಮ್ಮ ಕಡೆ ಮನಿಗಳಾಗ ಕಡಪ ಕಲ್ಲಿನ ಕಟ್ಟಿ, ಪಾಲಿಶ್ ಮಾಡಿದ ಗ್ರಾನೈಟ್, ಇಲ್ಲಾ ಗ್ಲಾಸ್ ಹಾಕಿದ ಟೀಪಾಯಿ. ಈ ಮೂರರ ಮ್ಯಾಲೂ ಆಪ್ಟಿಕಲ್ ಮೌಸ್ ಕೈ ಕೊಡ್ತೈತಿ. ಮೌಸ್ ಕೆಳಗಿಂದ ಬೆಳಕು ಬಿಟ್ಟು ಆ ಜಾಗದ ಸಣ್ಣ ಸಣ್ಣ ಗುರುತು ನೋಡ್ಕೋತ ಅದು ಎಷ್ಟು ಸರೀತು ಅಂತ ಲೆಕ್ಕ ಹಾಕ್ತೈತಿ, ಕನ್ನಡಿಯಂಗ ಹೊಳೆಯೋ ಕಲ್ಲಿನ ಮ್ಯಾಲ ಅದಕ್ಕ ಗುರುತೇ ಸಿಗಂಗಿಲ್ಲ, ಬಾಣ ನಿಂತಲ್ಲೇ ನಿಲ್ತೈತಿ ಇಲ್ಲಾ ಎಲ್ಲೆಲ್ಲೋ ಜಿಗೀತೈತಿ. ದೊಡ್ಡೋರಾದ್ರ ಮೌಸ್ ಸರಿ ಇಲ್ಲ ಅಂತಾರ, ಕೂಸು ತನಗೇ ಬರಲ್ಲ ಅಂತ ತಿಳ್ಕೊಂತೈತಿ. ಹಳೇ ನೋಟ್‌ಬುಕ್ಕಿನ ರಟ್ಟು ಇಲ್ಲಾ ಕ್ಯಾಲೆಂಡರಿನ ದಪ್ಪ ಹಾಳಿ ತಿರುವಿ ಹಾಕ್ರಿ ಸಾಕು, ಮೌಸ್‌ಪ್ಯಾಡ್ ಇದ್ರ ಇನ್ನೂ ಚಲೋ. ಸಂಡೂರು ತೋರಣಗಲ್ಲು ಕಡೆ ಇರೋರು ವಾರಕ್ಕೊಮ್ಮೆ ಮೌಸ್ ಡಬ್ಬು ಹಾಕಿ ಕೆಳಗಿನ ತೂತು ಒಣ ಅರಿವಿಲೆ ಒರೆಸ್ರಿ, ಆ ಗಣಿಯ ಕೆಂಪು ಧೂಳು ಎಲ್ಲಿ ಅಂದ್ರ ಅಲ್ಲಿ ಹೋಗಿ ಕುಂದ್ರತೈತಿ.

ಕುರ್ಚಿ ಮ್ಯಾಲ ಕುಂದ್ರಿಸಿದ್ರ ಕೂಸಿನ ಕಾಲು ಜೋತಾಡಬಾರದು, ಕೆಳಗ ಒಂದು ಡಬ್ಬಿ ಇಲ್ಲಾ ಮಣಿ ಇಡ್ರಿ. ಮೊಣಕೈ ಮೇಜಿನ ಮಟ್ಟಕ್ಕ ಬರಬೇಕು. ಲ್ಯಾಪ್‌ಟಾಪ್ ಆದ್ರ ನೆಲದ ಮ್ಯಾಲ ಜಮಖಾನಿ ಹಾಸಿ, ಬರೆಯೋ ಗಿಡ್ಡ ಡೆಸ್ಕ್ ಇಟ್ಟು ಅದರ ಮ್ಯಾಲ ಆಡಿಸೋದು ನನಗ ಕುರ್ಚಿಗಿಂತ ಚಲೋ ಅನ್ನಿಸ್ತೈತಿ. ಕೀಬೋರ್ಡ್ ದೂರ ಸರಿಸ್ರಿ, ಇಲ್ಲಾಂದ್ರ ವಿಂಡೋಸ್ ಕೀ ಒತ್ತಿ ಆಟದಿಂದ ಹೊರಗ ಬಂದು ಅಳ್ಕೋತ ಕುಂದ್ರತಾವ. ಲ್ಯಾಪ್‌ಟಾಪ್‌ನ್ಯಾಗ ಟಚ್‌ಪ್ಯಾಡ್ ಬಂದ್ ಮಾಡ್ಬೇಕು, ಸೆಟಿಂಗ್ಸ್ ಒಳಗ ಟಚ್‌ಪ್ಯಾಡ್ ಅಂತ ಇರ್ತೈತಿ, ಅದರಾಗ ಮೌಸ್ ಹಚ್ಚಿದಾಗ ಟಚ್‌ಪ್ಯಾಡ್ ಚಾಲೂ ಇರಲಿ ಅನ್ನೋದರ ಟಿಕ್ ತೆಗೀರಿ.

ಬಾಣದ ಸ್ಪೀಡ್ ಇಳಿಸೋದು

ಇದನ್ನ ಯಾರೂ ಮಾಡಂಗಿಲ್ಲ, ಅರ್ಧ ತ್ರಾಸು ಇದರಿಂದನೇ. ಕಂಟ್ರೋಲ್ ಪ್ಯಾನೆಲ್ ತೆಗೆದು ಮೌಸ್ ಅಂತ ಹುಡುಕ್ರಿ, ಅದರಾಗ ಪಾಯಿಂಟರ್ ಆಪ್ಶನ್ಸ್ ಅನ್ನೋ ಪುಟ ಬರ್ತೈತಿ. ಸ್ಪೀಡಿನ ಪಟ್ಟಿ ನಡುಮಧ್ಯಕ್ಕಿಂತ ಎಡಕ್ಕ ಎಳೀರಿ. ಅದರ ಕೆಳಗ ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಶನ್ ಅಂತ ಒಂದು ಟಿಕ್ ಇರ್ತೈತಿ, ಹೆಸರು ಕೇಳಿದ್ರ ಒಳ್ಳೇದು ಅನ್ನಿಸ್ತೈತಿ, ಆದ್ರ ಅದು ಮಾಡೋದು ಏನಂದ್ರ ಕೈ ಜೋರಾಗಿ ಆಡಿಸಿದ್ರ ಬಾಣ ಇನ್ನೂ ದೂರ ಓಡಂಗ ಮಾಡೋದು. ಸಣ್ಣ ಹುಡುಗ್ರ ಕೈ ಯಾವಾಗಲೂ ಝಟ್ ಝಟ್ ಅಂತನೇ ಆಡೋದು, ಹಿಂಗಾಗಿ ಬಾಣ ಮೂಲಿಗೆ ಹೋಗಿ ಕಾಣದಂಗ ಆಗ್ತೈತಿ. ಆ ಟಿಕ್ ತೆಗೀರಿ. ಅದೇ ಪುಟದಾಗ ಕಂಟ್ರೋಲ್ ಕೀ ಒತ್ತಿದ್ರ ಬಾಣ ಎಲ್ಲೈತಿ ಅಂತ ಸುತ್ತಲೂ ಗೆರೆ ಹಾಕಿ ತೋರಿಸೋ ಟಿಕ್ಕೂ ಐತಿ, ಅದನ್ನ ಹಾಕ್ಕೊಳ್ರಿ, "ಬಾಣ ಕಳೀತು" ಅಂತ ಕೂಸು ಅಂದಾಗ ನೀವು ಮೌಸ್ ಕಿತ್ಕೊಳ್ಳದಂಗ ತೋರಿಸಬಹುದು. ಆಕ್ಸೆಸಿಬಿಲಿಟಿ ಸೆಟಿಂಗ್ಸ್ ಒಳಗ ಬಾಣದ ಸೈಜು ದೊಡ್ಡದು ಮಾಡಿ, ಬಣ್ಣಾನೂ ಬದಲಿ ಮಾಡ್ರಿ, ಹಳದಿ ಇಲ್ಲಾ ಹಸಿರು ಎದ್ದು ಕಾಣ್ತೈತಿ.

ಕಂಪ್ಯೂಟರ್ ಬಂದ್ ಇದ್ದಾಗ ಒಂದು ಆಟ

ಮೊದಲ ದಿನ ಕಂಪ್ಯೂಟರ್ ಚಾಲೂನೇ ಮಾಡಬ್ಯಾಡ್ರಿ. ಮೌಸ್ ಕೈಗೆ ಕೊಡ್ರಿ, ತಿರುವಿ ಹಾಕಿ ನೋಡಲಿ, ಟಿಕ್ ಟಿಕ್ ಸಪ್ಪಳ ಕೇಳಲಿ, ಚಕ್ರ ತಿರುವಲಿ. ಆಮ್ಯಾಲ ರಟ್ಟಿನ ಮ್ಯಾಲ ಪೆನ್ಸಿಲ್‌ಲೆ ಒಂದು ದಾರಿ ಬರ್ದು, ಆ ದಾರಿ ಮ್ಯಾಲ ಮೌಸ್ ಎತ್ತದಂಗ ಸರಿಸ್ಕೋತ ಹೋಗಾಕ ಹೇಳ್ರಿ. ವೈರ್ ಯಾವಾಗಲೂ ಮುಂದಿನ ಗ್ವಾಡಿ ಕಡೆ ಇರಬೇಕು, ಇದನ್ನ ಈಗಲೇ ರೂಢಿ ಮಾಡಿಸ್ಬೇಕು, ಮೌಸ್ ಅಡ್ಡ ಹಿಡಿದ್ರ ಕೈ ಮುಂದ ಹೋದ್ರ ಬಾಣ ಓರೆ ಹೋಗ್ತೈತಿ. ಕರೆಂಟ್ ಹೋದ ಹೊತ್ತಿನ್ಯಾಗ ಮಾಡಾಕ ಇದು ಹೇಳಿ ಮಾಡಿಸಿದ ಆಟ, ಆ ಹೊತ್ತು ನಮ್ಮ ಕಡೆ ಬಾಳ ಸಿಗ್ತೈತಿ, ಪಕ್ಕದ ರಾಯಚೂರು ಜಿಲ್ಲಾದ ಶಕ್ತಿನಗರದಾಗ ಕರೆಂಟ್ ತಯಾರಿಸೋ ಥರ್ಮಲ್ ಸ್ಟೇಶನ್ ಇಟ್ಕೊಂಡೂ.

ಬರೇ ಓಡಾಡಿಸೋ ಆಟ

ಈಗ ಶುರು. ಜಿಕಾಂಪ್ರಿಸ್ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಐತಿ, 2000ದಿಂದ ನಡ್ಕೊಂಡು ಬಂದದ್ದು, ಎರಡರಿಂದ ಹತ್ತು ವರ್ಷದವರಿಗೆ ಅಂತಲೇ ಮಾಡಿದ್ದು. ವಿಂಡೋಸ್‌ನ್ಯಾಗೂ ಲಿನಕ್ಸ್‌ನ್ಯಾಗೂ ನಡೀತೈತಿ. ಒಮ್ಮೆ ಹಾಕ್ಕೊಂಡ್ರ ಆಮ್ಯಾಲ ನೆಟ್ ಇಲ್ಲದೇನೂ ಆಡಬಹುದು. ಆನ್‌ಲೈನ್ ಗೇಮ್ ಸೈಟುಗಳಿಗೆ ಮಾತ್ರ ಕೂಸಿನ್ನ ಬಿಡಬ್ಯಾಡ್ರಿ, ಆಟದ ಮಗ್ಗಲಕ್ಕ ದೊಡ್ಡ ಹಸಿರು ಬಟನ್ ಇಟ್ಟಿರ್ತಾರ, ಕ್ಲಿಕ್ ಕಲಿಯೋ ಕೂಸು ಅದನ್ನೇ ಮೊದಲು ಒತ್ತೋದು.

ಜಿಕಾಂಪ್ರಿಸ್ ಒಳಗ ಬೇಬಿ ಮೌಸ್ ಅಂತ ಐತಿ, ಮೌಸ್ ಆಡಿಸಿದ್ರ ಸ್ಕ್ರೀನ್ ಮ್ಯಾಲ ಅದಕ್ಕ ತಕ್ಕಂಗ ಏನಾರ ಆಗ್ತೈತಿ, ಗೆಲ್ಲೋದು ಸೋಲೋದು ಇಲ್ಲ. ಅದಾದ ಮ್ಯಾಲ ಅಳಿಸೋ ಆಟ. ಒಂದು ಚಿತ್ರದ ಮ್ಯಾಲ ಚೌಕಾಕಾರದ ತುಂಡು ಮುಚ್ಚಿರ್ತಾರ, ಬಾಣ ಅದರ ಮ್ಯಾಲ ಹಾದ್ರ ಸಾಕು ಒಂದೊಂದೇ ಮಾಯ ಆಗಿ ಹಿಂದಿನ ಚಿತ್ರ ಕಾಣ್ತೈತಿ. ಕ್ಲಿಕ್ ಬೇಕಾಗಿಲ್ಲ. ಇಲ್ಲೇ ನಿಲ್ರಿ, ಅವಸರ ಬ್ಯಾಡ, ವಾರಗಟ್ಟಲೆ ಇದನ್ನೇ ಆಡಿಸಿದ್ರೂ ನಷ್ಟ ಇಲ್ಲ.

ಈ ಹಂತದಾಗ ಒಂದು ಗಮ್ಮತ್ತು ನೋಡ್ತೀರಿ. ಮ್ಯಾಲಿನ ತುಂಡು ಅಳಿಸು ಅಂದ್ರ ಕೂಸು ಮೌಸ್ ಮ್ಯಾಲೆತ್ತಿ ಗಾಳ್ಯಾಗ ಹಿಡೀತೈತಿ. ಬಾಣ ಮ್ಯಾಲ ಹೋಗ್ಬೇಕು, ಅದಕ್ಕ ಕೈಯೂ ಮ್ಯಾಲ, ಲೆಕ್ಕ ಸರಿನೇ ಐತಿ ಅಲ್ಲ! "ಮ್ಯಾಲ" ಅನ್ನೋ ಮಾತು ಬಿಟ್ಟು "ದೂಡು" "ನಿನ್ನ ಕಡೆ ಎಳ್ಕೋ" ಅಂತ ಹೇಳ್ರಿ. "ಟಿವಿ ಕಡೆ ದೂಡು, ಹೊಟ್ಟಿ ಕಡೆ ಎಳ್ಕೋ" ಅಂದ್ರ ಎರಡು ದಿನದಾಗ ಹತ್ತಿಬಿಡ್ತೈತಿ. ರಟ್ಟಿನ ಅಂಚಿಗೆ ಬಂದು ಜಾಗ ಸಾಲದಾದಾಗ ಎತ್ತಿ ನಡುವ ಇಡೋದು ಬ್ಯಾರೆ ವಿದ್ಯೆ, ಅದು ತಡವಾಗಿ ಬರ್ತೈತಿ, ಅಲ್ಲೀಮಟ ನೀವೇ ಎತ್ತಿ ಇಡ್ರಿ.

ಮನ್ಯಾಗೇ ಮಾಡ್ಕೊಳ್ಳೋ ಆಟ

ನನ್ನ ಕೇಳಿದ್ರ ಯಾವ ಸಾಫ್ಟ್‌ವೇರಿಗಿಂತಲೂ ಇದೇ ಬೆಸ್ಟ್. ಪವರ್‌ಪಾಯಿಂಟ್ ಇದ್ರ ಅರ್ಧ ತಾಸಿನ ಕೆಲಸ. ಫೋನ್‌ದಾಗ ನಾಲ್ಕು ಫೋಟೋ ಹೊಡ್ಕೊಳ್ರಿ, ಅಜ್ಜಿದು, ಮನಿ ಎಮ್ಮೀದು, ಒಂದು ಮಿರ್ಚಿ ಬಜಿ ತಾಟು, ಶೋಕೇಸಿನ್ಯಾಗಿನ ಕಿನ್ನಾಳ ಗೊಂಬಿ. ಒಂದು ಖಾಲಿ ಸ್ಲೈಡ್ ಮ್ಯಾಲ ನಾಲ್ಕು ಮೂಲಿಗೆ ನಾಲ್ಕು ದೊಡ್ಡವಾಗಿ ಇಡ್ರಿ, ನಡುವ ಜಾಗ ಬಿಡ್ರಿ.

ಆಮ್ಯಾಲ ಧ್ವನಿ. ವಿಂಡೋಸ್ 11ರ ಸೌಂಡ್ ರೆಕಾರ್ಡರ್ ತೆಗೆದು ಸೆಟಿಂಗ್ಸ್‌ನ್ಯಾಗ ಫಾರ್ಮ್ಯಾಟ್ ಡಬ್ಲ್ಯುಎವಿ (WAV) ಅಂತ ಮಾಡ್ಕೊಳ್ರಿ, ಯಾಕಂದ್ರ ನಾವು ಹಚ್ಚೋ ಜಾಗದಾಗ ಪವರ್‌ಪಾಯಿಂಟ್ ಆ ಫಾರ್ಮ್ಯಾಟೇ ಕೇಳ್ತೈತಿ. ಅಜ್ಜಿ ಕೈಲೆ "ಬಾರವ್ವ ಉಣ್ಣಾಕ" ಅಂತ ಹೇಳಿಸ್ರಿ, ಎಮ್ಮಿ ಕೂಗೋದು ರೆಕಾರ್ಡ್ ಮಾಡ್ರಿ, ಬಜಿಗೆ ಯಾರಾರ "ಹಾ ಖಾರ ಖಾರ" ಅಂತ ಬಾಯಿ ಸುಟ್ಕೊಂಡಂಗ ಮಾಡಲಿ, ಗೊಂಬಿಗೆ ಗೆಜ್ಜಿ ಸಪ್ಪಳ. ನಾಲ್ಕೂ ಎರಡು ಮೂರು ಸೆಕೆಂಡಿನವು ಇರಲಿ, ಉದ್ದ ಬ್ಯಾಡ.

ಹಚ್ಚೋದು ಹಿಂಗ: ಅಜ್ಜಿ ಫೋಟೋ ಆರಿಸಿ, ಇನ್ಸರ್ಟ್ ಒಳಗ ಆಕ್ಶನ್ ಒತ್ರಿ. ಬರೋ ಡಬ್ಬಿಯಾಗ ಎರಡು ಪುಟ ಇರ್ತಾವ, ಮೌಸ್ ಕ್ಲಿಕ್ ಒಂದು, ಮೌಸ್ ಓವರ್ ಒಂದು. ಮೌಸ್ ಓವರ್ ತೆಗೀರಿ, ಪ್ಲೇ ಸೌಂಡ್‌ಗೆ ಟಿಕ್ ಹಾಕಿ, ಪಟ್ಟಿಯ ಕೊನೀಗೆ ಅದರ್ ಸೌಂಡ್ ಅಂತ ಇರ್ತೈತಿ, ಅಲ್ಲಿ ಅಜ್ಜಿ ಧ್ವನಿ ಫೈಲ್ ತೋರಿಸ್ರಿ. ನಾಲ್ಕಕ್ಕೂ ಹಿಂಗೇ. ಕಡೀಗೆ ಸ್ಲೈಡ್ ಶೋ ಒಳಗ ಸೆಟ್ ಅಪ್ ಸ್ಲೈಡ್ ಶೋ ಒತ್ತಿ, ಕಿಯೋಸ್ಕ್ ಅಂತ ಇರೋದನ್ನ ಆರಿಸ್ರಿ. ಇದು ಮರೀಬ್ಯಾಡ್ರಿ, ಇಲ್ಲಾಂದ್ರ ಕೂಸು ಎಲ್ಲಿ ಒತ್ತಿದ್ರೂ ಸ್ಲೈಡ್ ಮುಂದ ಹೋಗಿ ಕರೀ ಸ್ಕ್ರೀನ್ ಬರ್ತೈತಿ. ಕಿಯೋಸ್ಕ್‌ನ್ಯಾಗ ಎಸ್ಕೇಪ್ ಕೀ ಒತ್ತೋತನಕ ಅಲ್ಲೇ ಇರ್ತೈತಿ.

ಈಗ ಬಾಣ ಅಜ್ಜಿ ಮ್ಯಾಲ ಹೋದ್ರ ಅಜ್ಜಿ ಕರೀತಾಳ, ಎಮ್ಮಿ ಮ್ಯಾಲ ಹೋದ್ರ ಎಮ್ಮಿ ಕೂಗ್ತೈತಿ. ನಮ್ಮ ತಂಗಿ ಮಗಳು ಎಮ್ಮೀನ್ನ ಬಿಟ್ಟು ಅಲ್ಲಾಡಲಿಲ್ಲ, ಬಾಣ ಹೊರಗ ತಂದು ಮತ್ತ ಒಳಗ ಒಯ್ದು, ಎಮ್ಮಿ ಒದರಿಸ್ಕೋತ ಕುಂತಿದ್ಲು, ಹೊರಗ ತಂದು ಒಳಗ ಒಯ್ಯೋದು ಅಂದ್ರ ಅದೇ ಪ್ರಾಕ್ಟೀಸ್ ಅಲ್ಲೇನ್ರಿ. ನೀವು ಬಾಜೂ ಕುಂತು "ಬಜಿ ಎಲ್ಲೈತಿ? ಬಜಿ ತಿನ್ನು ನೋಡೋಣ" ಅಂತ ಕೇಳ್ಕೋತ ಹೋಗ್ರಿ. ಇದು ಪಳಗಿತು ಅಂದ ಮ್ಯಾಲ ಅದೇ ಸ್ಲೈಡ್ ಕಾಪಿ ಮಾಡಿ, ಮೌಸ್ ಓವರ್‌ದಾಗಿಂದ ಸೌಂಡ್ ತೆಗೆದು ಮೌಸ್ ಕ್ಲಿಕ್ ಪುಟಕ್ಕ ಹಾಕ್ರಿ, ಫೋಟೋ ಸ್ವಲ್ಪ ಸಣ್ಣ ಮಾಡ್ರಿ. ಅವೇ ಚಿತ್ರ, ಅದೇ ಅಜ್ಜಿ, ಆದ್ರ ಈಗ ಟಿಕಳಿ ಒತ್ತಬೇಕು. ಪವರ್‌ಪಾಯಿಂಟ್ ಬದಲಿ ಲಿಬ್ರೆ ಆಫೀಸ್ ಇರೋರಿಗೆ ಅದರ ಇಂಪ್ರೆಸ್‌ನ್ಯಾಗ ಇಂಟರಾಕ್ಶನ್ ಅಂತ ಐತಿ, ಅದು ಕ್ಲಿಕ್‌ಗೆ ಮಾತ್ರ ನಡೀತೈತಿ, ಹಂಗಾಗಿ ಅವರು ಓಡಾಡಿಸೋ ಹಂತ ಜಿಕಾಂಪ್ರಿಸ್‌ನ್ಯಾಗ ಮುಗಿಸಿ ಇಲ್ಲಿಗೆ ಬರಬೇಕು.

ಒತ್ತೋ ಆಟ

ಕ್ಲಿಕ್ ಅಂದ್ರ ಬೆರಳು ಆಡಬೇಕು ಕೈ ಆಡಬಾರದು. ಇದೇ ಕಷ್ಟ. ಶುರುವಿಗೆ ರೊಟ್ಟಿ ಬಡಿದಂಗ ಮೌಸ್ ಬಡೀತಾವ, ಬಡಿದ ಹೊಡ್ತಕ್ಕ ಬಾಣ ಸರಿದು ಬ್ಯಾರೆ ಕಡೆ ಒತ್ತಿದಂಗ ಆಗ್ತೈತಿ. "ಮೊದಲು ನಿಲ್ಲು, ಆಮ್ಯಾಲ ಒತ್ತು" ಅಂತ ಎರಡೇ ಮಾತು ಹೇಳ್ರಿ. ಅಂಗೈ ಮೌಸ್ ಹಿಂಭಾಗದ ಮ್ಯಾಲ ಊರಿರಬೇಕು, ಮಣಿಕಟ್ಟು ರಟ್ಟಿನ ಮ್ಯಾಲ.

ಜಿಕಾಂಪ್ರಿಸ್‌ನ್ಯಾಗ ಅಳಿಸೋ ಆಟದ್ದೇ ಇನ್ನೊಂದು ನಮೂನಿ ಐತಿ, ಅದರಾಗ ಪ್ರತೀ ತುಂಡಿನ ಮ್ಯಾಲ ಕ್ಲಿಕ್ ಮಾಡ್ಬೇಕು, ತುಂಡು ಓಡಂಗಿಲ್ಲ, ಹಂಗಾಗಿ ಅದೇ ಮೊದಲು. ಆಮ್ಯಾಲ ಮೀನಿನ ಆಟ, ಮೀನು ಈಜ್ಕೋತ ತೊಟ್ಟಿ ದಾಟಿ ಹೋಗೋದ್ರೊಳಗ ಒತ್ತಿ ಹಿಡೀಬೇಕು. ಮೀನು ತಪ್ಪಿಸ್ಕೊಂಡ್ರ ಕೆಲವು ಹುಡುಗ್ರಿಗೆ ಸಿಟ್ಟು ಬರ್ತೈತಿ, ಅಂಥವಕ್ಕ ಒಂದು ವಾರ ತಡೆದು ಕೊಡ್ರಿ.

ಇದರ ನಡುವ ಟಕ್ಸ್ ಪೇಂಟ್ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರ್ ಹಾಕ್ಕೊಳ್ರಿ, ಅದೂ ಪುಕ್ಕಟೆ, 2002ರಿಂದ ಐತಿ, ಭಾಷಾ ಪಟ್ಟಿಯಾಗ ಕನ್ನಡಾನೂ ಐತಿ. ಅದರ ಮುದ್ರೆ ಹಾಕೋ ಆಟ ಕ್ಲಿಕ್ ಕಲಿಸಾಕ ಬಾಳ ಚಲೋ, ಎಲ್ಲಿ ಒತ್ತಿದ್ರ ಅಲ್ಲಿ ಒಂದು ಚಿತ್ರ ಬೀಳ್ತೈತಿ, ತಪ್ಪು ಅನ್ನೋದೇ ಇಲ್ಲ. ಅದರ ಜೊತಿ ಬರೋ ಕಾನ್ಫಿಗ್ ಅನ್ನೋ ಸೆಟಿಂಗ್ಸ್ ಒಳಗ ಪೂರ್ತಿ ಸ್ಕ್ರೀನ್ ಮಾಡಬಹುದು, ಪ್ರಿಂಟ್ ಬಂದ್ ಮಾಡಬಹುದು, ಮೌಸ್‌ನ ಯಾವ ಬಟನ್ ಒತ್ತಿದ್ರೂ ಒಂದೇ ಕೆಲಸ ಆಗಂಗ ಇಡಬಹುದು. ಈ ಕಡೀದು ಮೂರು ವರ್ಷದವಕ್ಕ ಹಾಕ್ರಿ, ಬೆರಳು ಬಲಕ್ಕ ಜಾರಿದ್ರೂ ಆಟ ನಿಲ್ಲಂಗಿಲ್ಲ. ನಾಲ್ಕರವಕ್ಕ ಬ್ಯಾಡ, ಟಿಕಳಿ ರೂಢಿ ಆಗಲಿ.

ಎಡಗೈಲೆ ಹಿಡಿದ್ರ ಬೈಬ್ಯಾಡ್ರಿ. ಈ ವಯಸ್ಸಿನ್ಯಾಗ ಇನ್ನೂ ಯಾವ ಕೈ ಅನ್ನೋದು ಗಟ್ಟಿ ಆಗಿರಂಗಿಲ್ಲ, ಮನ್ಯಾಗಿನ ಹಿರ್ಯಾರು "ಬಲಗೈಗೆ ಕೊಡು" ಅಂತಾರ, ಅಂತಿರಲಿ. ಮೌಸ್ ಎಡಕ್ಕ ಇಟ್ಟು ಟಿಕಳಿ ಅಲ್ಲೇ ಬಿಡ್ರಿ, ಬಟನ್ ಅದಲಿ ಬದಲಿ ಮಾಡೋ ಸೆಟಿಂಗ್ ಸಾಲಿಗೆ ಹೋದ ಮ್ಯಾಲ ನೋಡಿದ್ರ ನಡೀತೈತಿ.

ಎಳಿಯೋ ಆಟ

ಒತ್ತಿ ಹಿಡ್ಕೊಂಡೇ ಕೈ ಸರಿಸ್ಬೇಕು, ಎರಡು ಕೆಲಸ ಕೂಡೇ. ನಾಲ್ಕು ದಾಟಿದ ಮ್ಯಾಲ ಬರ್ತೈತಿ, ಕೆಲವಕ್ಕ ಐದು. ಶುರುವಿಗೆ ಟಕ್ಸ್ ಪೇಂಟಿನ ಬ್ರಷ್, ಕೈ ಬಿಟ್ರ ಗೆರಿ ನಿಲ್ತೈತಿ, ಹಿಡಿದ್ರ ನಡೀತೈತಿ, ನಡುವ ಬಿಟ್ರೂ ಏನೂ ಕೆಡಂಗಿಲ್ಲ. ಆಮ್ಯಾಲ ಜಿಕಾಂಪ್ರಿಸ್‌ನ ಚಿತ್ರ ಜೋಡಿಸೋ ಆಟ, ಅಲ್ಲಿ ತುಂಡು ನಡುವ ಬಿದ್ದುಬಿಟ್ರ ಬ್ಯಾಸರ ಅನ್ನಿಸ್ತೈತಿ, ಅದಕ್ಕ ಅದು ಎರಡನೇದು. ಬೆಂಕಿ ಆರಿಸೋ ಪೈಪಿನ ಆಟಾನೂ ಐತಿ, ಪೈಪಿನ ಮ್ಯಾಲೇ ಬಾಣ ಸರಿಸ್ಕೋತ ಹೋಗಿ ನೀರು ಬೆಂಕೀತನಕ ಮುಟ್ಟಿಸೋದು, ಅದರಾಗ ಒತ್ತೋದಿಲ್ಲ, ಆದ್ರ ದಾರಿ ಬಿಡದಂಗ ಹೋಗೋ ಹತೋಟಿ ಬರ್ತೈತಿ, ಎಳಿಯೋದಕ್ಕ ಅದೇ ಬೇಕು.

ದೊಡ್ಡೋರೂ ಹಿಂಗೇ ಕಲ್ತದ್ದು ಮತ್ತ. 1990ರಾಗ ವಿಂಡೋಸ್ 3.0 ಬಂದಾಗ ಅದರ ಜೊತಿ ಸಾಲಿಟೇರ್ ಇಸ್ಪೀಟ್ ಆಟ ಕೊಟ್ಟಿದ್ರು, ಎಲಿ ಹಿಡಿದು ಎಳೆದು ಇನ್ನೊಂದರ ಮ್ಯಾಲ ಹಾಕೋದ್ರಾಗ ಮಂದಿಗೆ ಮೌಸ್ ಎಳಿಯೋದು ರೂಢಿ ಆತು. ಆಫೀಸಿನ್ಯಾಗ ಸಾಲಿಟೇರ್ ಆಡೋ ಸಾಹೇಬ್ರಿಗೆ ಇದೊಂದು ನೆಪ ಸಿಕ್ತು ಈಗ.

ಡಬಲ್ ಕ್ಲಿಕ್ ಮತ್ತ ಬಲಗಡೆ ಬಟನ್ ಕಲಿಸಾಕ ಹೋಗಬ್ಯಾಡ್ರಿ. ಡೆಸ್ಕ್‌ಟಾಪಿನ ಐಕಾನ್ ತೆಗೆಯೋ ಕೆಲಸ ನೀವೇ ಮಾಡ್ರಿ, ಇಲ್ಲಾಂದ್ರ ಅದೇ ಆಟ ಟಾಸ್ಕ್‌ಬಾರಿಗೆ ಹಾಕಿಬಿಡ್ರಿ, ಅಲ್ಲಿ ಒಂದೇ ಕ್ಲಿಕ್ ಸಾಕು. ಬಲಗಡೆ ಒತ್ತಿ ಪಟ್ಟಿ ಬಂತಂದ್ರ ಎಸ್ಕೇಪ್ ಒತ್ರಿ, ಮಾತಾಡಬ್ಯಾಡ್ರಿ.

ಬಾಜೂ ಕುಂದ್ರೋರಿಗೆ

ಕೂಸಿನ ಕೈ ಮ್ಯಾಲ ಕೈ ಇಡಬ್ಯಾಡ್ರಿ. ಇಟ್ರ ಬಾಣ ಓಡ್ತೈತಿ, ಆದ್ರ ಓಡ್ಸಿದ್ದು ನೀವು, ಅದಕ್ಕ ಏನೂ ಗೊತ್ತಾಗಂಗಿಲ್ಲ. ತೋರಿಸ್ಬೇಕಂದ್ರ ಇನ್ನೊಂದು ಮೌಸ್ ಹಚ್ರಿ, ಒಂದೇ ಕಂಪ್ಯೂಟರ್‌ಗೆ ಎರಡು ಮೌಸ್ ಹಚ್ಚಿದ್ರೂ ಬಾಣ ಒಂದೇ, ಎರಡೂ ಅದನ್ನೇ ಆಡಿಸ್ತಾವ. ಬಾಣ ಮೂಲ್ಯಾಗ ಸಿಕ್ಕೊಂಡ್ರ ನೀವು ನಿಮ್ಮ ಮೌಸ್‌ಲೆ ನಡುವ ತಂದು ಬಿಡ್ರಿ, ಮುಂದಿಂದು ಕೂಸೇ ಮಾಡಲಿ. ಅಣ್ಣ ಅಕ್ಕ ಇದ್ದ ಮನ್ಯಾಗ ಇನ್ನೊಂದು ಮೌಸ್ ಅವರ ಕೈಗೆ ಮಾತ್ರ ಸಿಗಬಾರದು.

ನಿಲ್ಲಿಸೋ ಹೊತ್ತಿನ ಅಳುಗೆ ಒಂದು ಉಪಾಯ ಐತಿ, ಬಂದ್ ಮಾಡೋ ಕೆಲಸ ಕೂಸಿಗೇ ಕೊಡ್ರಿ. ಸ್ಟಾರ್ಟ್, ಆಮ್ಯಾಲ ಪವರ್, ಆಮ್ಯಾಲ ಶಟ್ ಡೌನ್, ಮೂರು ಕಡೆ ಹೋಗಿ ಮೂರು ಸಲ ಒತ್ತೋದು, ಚಿತ್ರ ಸಣ್ಣವು, ಗುರಿ ಕಷ್ಟದ್ದು, ಹಂಗಾಗಿ ಅದೂ ಒಂದು ಆಟನೇ. ನೀವು ಸ್ವಿಚ್ ಆರಿಸಿದ್ರ ಅಳೋ ಕೂಸು ತಾನೇ ಆರಿಸಿದ್ರ "ನಾ ಬಂದ್ ಮಾಡ್ದೆ" ಅಂತ ಅಜ್ಜಿಗೆ ಹೇಳಾಕ ಓಡ್ತೈತಿ.